ಒಬ್ಬರ ಎಲ್ಲಾ ಆಲ್ಬಂ ಕೇಳಬೇಕು ಅಂದರೆ ಯಾರನ್ನು ಹಿಡಿಯಬೇಕು?

ಬೆಳಗಾವಿಯಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಸಂಜೆ ಹೊರಗೆ ತಿರುಗಾಡುವ ಮಾತು ಮುಗಿಯಿತು. ಆಗಲೇ ನನಗೆ ಈ ಥರದ ಪ್ರಶ್ನೆ ಜಾಸ್ತಿ ಬರುತ್ತದೆ: "ಸರ, ಹಳೇ ರಾಕ್ ಪೂರಾ ಕೇಳಬೇಕಂತ ಮಾಡೇನಿ. ಯಾರಿಂದ ಸುರು ಮಾಡ್ಲಿ? ಬೀಟಲ್ಸೋ, ಪಿಂಕ್ ಫ್ಲಾಯ್ಡೋ, ಬಾಬ್ ಡಿಲನ್ನೋ?" ಕೇಳುವವರಲ್ಲಿ ಟಿಳಕವಾಡಿಯ ಕಾಲೇಜು ಹುಡುಗರಿದ್ದಾರೆ, ಬಾಗಲಕೋಟೆಯ ಬ್ಯಾಂಕ್ ನೌಕರರಿದ್ದಾರೆ, ವಿಜಯಪುರದಲ್ಲಿ ನಿವೃತ್ತರಾಗಿ ಆರಾಮಾಗಿರುವವರೂ ಇದ್ದಾರೆ. ಹಿಟ್ ಹಾಡುಗಳು ಎಲ್ಲರಿಗೂ ಗೊತ್ತು. ಅವರಿಗೆ ಬೇಕಿರುವುದು ಒಬ್ಬರ ಮೊದಲ ಆಲ್ಬಂನಿಂದ ಕೊನೆಯದರ ತನಕ, ಒಂದನ್ನೂ ಬಿಡದೆ ಕೇಳುವುದು.

ಯಾರು ದೊಡ್ಡವರು ಅಂತ ನೋಡಿ ಆರಿಸಬೇಡಿ. ಎಲ್ಲರೂ ದೊಡ್ಡವರೇ. ಒಳ್ಳೆಯ ಆಲ್ಬಂ ಯಾರದ್ದಾದರೂ ಕೇಳಿಸಿಕೊಂಡು ಹೋಗುತ್ತದೆ. ಪೂರ್ತಿ ಕೇಳಲು ಹೊರಟವರು ಕೈಚೆಲ್ಲುವುದು ಕೆಟ್ಟ ಆಲ್ಬಂಗಳ ಮುಂದೆ. ಅರವತ್ತರ ದಶಕದಲ್ಲಿ ಶುರು ಮಾಡಿ ಇನ್ನೂ ಹಾಡುತ್ತಿರುವ ಯಾರನ್ನೇ ತೆಗೆದುಕೊಳ್ಳಿ, ಎಂಬತ್ತರ ದಶಕ ಅವರಿಗೊಂದು ಗಂಡಾಂತರ. ಅಲ್ಲಿಗೆ ಬಂದಾಗ ನಿಮಗೆ ಬೇಸರ ಬರುತ್ತದೋ, ಕುತೂಹಲ ಹುಟ್ಟುತ್ತದೋ? ನನ್ನ ಪ್ರಕಾರ ಆಯ್ಕೆ ನಿಂತಿರುವುದು ಇದರ ಮೇಲೆ. ಯಾರ ಕೆಟ್ಟ ಆಲ್ಬಂ ಕೇಳಲೂ ನಿಮಗೆ ಆಸೆ ಇದೆಯೋ, ಅವರನ್ನೇ ಹಿಡಿಯಿರಿ.

ಏನೇನು ನೋಡಬೇಕು

ಮೊದಲು ಗಂಟೆ ಲೆಕ್ಕ ಹಾಕಿ. ಆಲ್ಬಂ ಎಷ್ಟು ಅನ್ನುವ ಲೆಕ್ಕ ಮೋಸ ಮಾಡುತ್ತದೆ. ಬೀಟಲ್ಸ್‌ದು 13 ಆಲ್ಬಂ, ಮೆಟಾಲಿಕಾದು 11. ಆದರೆ ಬೀಟಲ್ಸ್ ಮುಗಿಸಲು ಸುಮಾರು 9 ಗಂಟೆ ಸಾಕು, ಮೆಟಾಲಿಕಾಗೆ 12 ಗಂಟೆ ಬೇಕು. ಎಲ್‌ಪಿ (ಎರಡು ಬದಿಯ ದೊಡ್ಡ ಗ್ರಾಮಫೋನ್ ತಟ್ಟೆ) ಕಾಲದಲ್ಲಿ ಒಂದು ಆಲ್ಬಂ 35–40 ನಿಮಿಷದ್ದು. ಸಿಡಿ ಬಂದ ಮೇಲೆ ಜಾಗ ಇದೆ ಅಂತ 75 ನಿಮಿಷ ತುಂಬಿಸತೊಡಗಿದರು. ಮತ್ತೆ, ಒಂದು ಆಲ್ಬಂ ಒಂದೇ ಸಲ ಕೇಳಿ ಮುಂದೆ ಹೋದರೆ ಏನೂ ನೆನಪು ಉಳಿಯುವುದಿಲ್ಲ. ಕಡಿಮೆ ಅಂದರೂ ಎರಡು ಸಲ ಬೇಕು. ಹಾಗಾಗಿ ಮುಂದೆ ಹೇಳುವ ಗಂಟೆಗಳನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳಿ.

ಎರಡನೆಯದು ಇಂಗ್ಲಿಷ್. ಕೆಲವರ ಹಾಡಿನಲ್ಲಿ ಮಾತೇ ಮುಖ್ಯ, ಕೆಲವರಲ್ಲಿ ಮಾತು ಅರ್ಥವಾಗದಿದ್ದರೂ ನಷ್ಟವಿಲ್ಲ. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೇ ಜಾಸ್ತಿ. ಇದನ್ನು ಹೇಳಿಕೊಳ್ಳಲು ನಾಚಿಕೆ ಬೇಡ, ಆಯ್ಕೆಗೆ ಇದು ದೊಡ್ಡ ವಿಷಯ.

ದುಡ್ಡಿನ ವಿಷಯಕ್ಕೆ ಬಂದರೆ, ಉಚಿತ ಆ್ಯಪ್‌ನಲ್ಲಿ ನಡುನಡುವೆ ಜಾಹೀರಾತು ಬರುತ್ತದೆ. ಕೆಲವು ಆಲ್ಬಂಗಳಿಗೆ ಅದರಿಂದ ಏನೂ ಆಗುವುದಿಲ್ಲ, ಕೆಲವು ಪೂರ್ತಿ ಕೆಟ್ಟುಹೋಗುತ್ತವೆ. ಚಂದಾ ಕಟ್ಟುವುದಾದರೆ ಒಂದು ತಿಂಗಳೋ ಎರಡು ತಿಂಗಳೋ ಕಟ್ಟಿ ಮುಗಿಸಬಹುದಾದವರನ್ನು ಆರಿಸುವುದು ಜಾಣತನ. ಡೇಟಾ ಚಿಂತೆ ಬೇಡ. ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 70 ಎಂಬಿ ಹೋಗುತ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿಗೆ ಅದು ಲೆಕ್ಕಕ್ಕೇ ಇಲ್ಲ. ಹೊಸ ಎಲ್‌ಪಿ ಕೊಂಡು ಪೂರ್ತಿ ಸಂಗ್ರಹ ಮಾಡುವ ಆಸೆ ಇದ್ದರೆ ಮಾತ್ರ ಯೋಚಿಸಿ. ಒಂದೊಂದು ಎಲ್‌ಪಿ ಬೆಲೆಗೆ ವರ್ಷದ ಚಂದಾವೇ ಬರುತ್ತದೆ. ಎಂಟು ಆಲ್ಬಂ ಇರುವವರಿಗೆ ಅದು ಸರಿ, ನಲವತ್ತು ಇರುವವರಿಗೆ ಹುಚ್ಚು.

ಇನ್ನು, ಎಲ್ಲಿ ಕೂತು ಕೇಳುತ್ತೀರಿ? ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲೋ, ರಾತ್ರಿ ಎಲ್ಲರೂ ಮಲಗಿದ ಮೇಲೋ, ಅಂಗಡಿಯಲ್ಲೋ? ಬಸ್ಸಿನ ಎಂಜಿನ್ ಸದ್ದಿನಲ್ಲಿ ಮೆಲ್ಲಗಿನ ಹಾಡು ಕೇಳಿಸುವುದೇ ಇಲ್ಲ.

ಕಡಿಮೆ ಹೊತ್ತಿನವರು

ಲೆಡ್ ಜೆಪ್ಪೆಲಿನ್ ಎಲ್ಲಕ್ಕಿಂತ ಚಿಕ್ಕದು. 1969ರಿಂದ 1979ರ ತನಕ 8 ಆಲ್ಬಂ. 1980ರಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡರು, ಉಳಿದವರು ಅಲ್ಲಿಗೇ ನಿಲ್ಲಿಸಿದರು. 1982ರಲ್ಲಿ ಬಂದ 'ಕೋಡಾ' ಉಳಿದುಬಿದ್ದ ಹಾಡುಗಳ ಕಟ್ಟು, ಸೇರಿಸಿದರೂ 7 ಗಂಟೆ. ಬೆಳಗಾವಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಮಾತು ಅರ್ಥವಾಗದಿದ್ದರೂ ನಡೆಯುತ್ತದೆ, ಬಸ್ಸಿನ ಸದ್ದಿಗೂ ಬಗ್ಗುವುದಿಲ್ಲ. ಪೂರ್ತಿ ಕೇಳುವ ಅಭ್ಯಾಸ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಕೊಳ್ಳುವವರಿಗೆ ಇದು ಸರಿ. ಆದರೆ ಪೂರ್ತಿ ಕೇಳುವುದರ ನಿಜವಾದ ಮಜಾ ಇಲ್ಲಿ ಸಿಗುವುದಿಲ್ಲ. ಹತ್ತೇ ವರ್ಷ. ಮನುಷ್ಯ ವಯಸ್ಸಾಗುವುದನ್ನು ಇಲ್ಲಿ ಕೇಳಲು ಆಗುವುದಿಲ್ಲ.

ಬೀಟಲ್ಸ್‌ದು ಇನ್ನೂ ಕಡಿಮೆ ಕಾಲ, 1963ರಿಂದ 1970. ಆದರೆ ಆ ಏಳು ವರ್ಷದಲ್ಲಿ ಅವರು ಬದಲಾದಷ್ಟು ಬೇರೆಯವರು ನಲವತ್ತು ವರ್ಷದಲ್ಲೂ ಬದಲಾಗಿಲ್ಲ. ಮೊದಲ ಆಲ್ಬಂ 'ಪ್ಲೀಸ್ ಪ್ಲೀಸ್ ಮಿ'ಯ 14 ಹಾಡುಗಳಲ್ಲಿ 10ನ್ನು 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಮುದ್ರಿಸಿದರು. ನಾಲ್ಕು ವರ್ಷದ ನಂತರ 'ಸಾರ್ಜೆಂಟ್ ಪೆಪ್ಪರ್' ಮುಗಿಸಲು ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂತರು. ನಮ್ಮ ಕಡೆಯವರಿಗೆ ಒಂದು ಹೆಚ್ಚಿನ ಖುಷಿಯೂ ಇದೆ. 1965ರ 'ರಬ್ಬರ್ ಸೋಲ್'ನಲ್ಲಿ ಬ್ಯಾಂಡಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ತಡವರಿಸುತ್ತಾ ಸಿತಾರ್ ಮುಟ್ಟುತ್ತಾರೆ. 1967ಕ್ಕೆ ಬರುವಷ್ಟರಲ್ಲಿ ಪಂಡಿತ್ ರವಿಶಂಕರ್ ಹತ್ತಿರ ಕಲಿತು, ತಬಲಾ, ದಿಲ್‌ರುಬಾ, ತಂಬೂರಿ ಇಟ್ಟುಕೊಂಡು ಇಡೀ ಹಾಡೇ ಕಟ್ಟುತ್ತಾರೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ, ಹಿಂದೂಸ್ತಾನಿ ನಮ್ಮ ಕಿವಿಗೆ ಹೊಸದಲ್ಲ. ಆ ಕಲಿಕೆ ಎಲ್ಲಿ ಗಟ್ಟಿಯಾಯಿತು, ಎಲ್ಲಿ ಕಚ್ಚಾ ಉಳಿಯಿತು ಅಂತ ಇಂಗ್ಲಿಷರಿಗಿಂತ ನಮಗೇ ಚೆನ್ನಾಗಿ ಗೊತ್ತಾಗುತ್ತದೆ.

ಬೀಟಲ್ಸ್ ಕೇಳುವವರು ಎರಡು ವಿಷಯ ತಿಳಿದಿರಬೇಕು. ಶುರುವಿನ ಆಲ್ಬಂಗಳ ಸ್ಟೀರಿಯೋದಲ್ಲಿ ಹಾಡುವ ದನಿ ಒಂದು ಕಡೆ, ವಾದ್ಯ ಇನ್ನೊಂದು ಕಡೆ. ಗೆಳೆಯನ ಜೊತೆ ಒಂದೊಂದು ಇಯರ್‌ಫೋನ್ ಹಂಚಿಕೊಂಡರೆ ಒಬ್ಬನಿಗೆ ಬರೀ ಗಿಟಾರು, ಇನ್ನೊಬ್ಬನಿಗೆ ಬರೀ ಹಾಡು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ ಅಂತ ಇರುತ್ತದೆ, ಅದನ್ನು ಹಾಕಿಬಿಡಿ. ಇನ್ನೊಂದು, 'ಹೇ ಜೂಡ್'ನಂಥ ಹಾಡುಗಳು ಅವರ ಯಾವ ಬ್ರಿಟಿಷ್ ಆಲ್ಬಂನಲ್ಲೂ ಇಲ್ಲ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ ಬಂದವು. ಅವನ್ನೆಲ್ಲ ಸೇರಿಸಿದ 'ಪಾಸ್ಟ್ ಮಾಸ್ಟರ್ಸ್' ಬಿಟ್ಟರೆ ಪೂರ್ತಿ ಕೇಳಿದ ಹಾಗಲ್ಲ. ಕೆಟ್ಟ ಆಲ್ಬಂ ಅಂತ ಇದ್ದರೆ 'ಯೆಲ್ಲೋ ಸಬ್‌ಮರೀನ್' ಒಂದೇ, ಅದರ ಎರಡನೇ ಬದಿ ಪೂರ್ತಿ ಸಿನಿಮಾದ ವಾದ್ಯಸಂಗೀತ. 20 ನಿಮಿಷ ಸಹಿಸಿದರೆ ಮುಗಿಯಿತು.

ಕ್ವೀನ್ ಬಗ್ಗೆ ನಮ್ಮ ಕಡೆ ಒಂದು ಸಲಿಗೆ ಇದೆ. ಪುಣೆ ಹೆದ್ದಾರಿಯಲ್ಲಿ ಸಾತಾರಾ ದಾಟಿ ವಾಯಿ ಕಡೆ ತಿರುಗಿ ಘಾಟು ಹತ್ತಿದರೆ ಪಂಚಗಣಿ. ಕ್ವೀನ್ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಆಗ ಅವರ ಹೆಸರು ಫಾರೂಖ್ ಬುಲ್ಸಾರಾ. ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ. 15 ಆಲ್ಬಂ, 10 ಗಂಟೆ ಚಿಲ್ಲರೆ. ಮನೆಯವರೆಲ್ಲ ಕೂತು ಕೇಳಬಹುದಾದ್ದು ಈ ಪಟ್ಟಿಯಲ್ಲಿ ಇದೊಂದೇ ಅನ್ನಬಹುದು. ಜಾಹೀರಾತು ಬಂದರೂ ಹಾನಿಯಿಲ್ಲ, ಹಾಡುಗಳು ಬಿಡಿಬಿಡಿಯಾಗಿವೆ. 1982ರ 'ಹಾಟ್ ಸ್ಪೇಸ್'ನಲ್ಲಿ ಡಿಸ್ಕೋ ಹಿಂದೆ ಹೋದರು, ಅಭಿಮಾನಿಗಳು ಇಂದಿಗೂ ಬೈಯುತ್ತಾರೆ. ನನಗೆ ಅದು ಅಷ್ಟೇನೂ ಕೆಟ್ಟದ್ದು ಅನಿಸಿಲ್ಲ. 1991ರ 'ಇನ್ಯುಯೆಂಡೋ' ಮಾಡುವಾಗ ಫ್ರೆಡ್ಡಿ ಕಾಯಿಲೆಯಿಂದ ಸೊರಗಿದ್ದರು, ಅದೇ ನವೆಂಬರ್‌ನಲ್ಲಿ ಹೋದರು. ಮೊದಲಿನಿಂದ ಕೇಳುತ್ತಾ ಬಂದವರಿಗೆ ಆ ಆಲ್ಬಂ ಬೇರೆಯೇ ಥರ ತಾಗುತ್ತದೆ. ಹಿಟ್ ಹಾಡು ಮಾತ್ರ ಕೇಳಿದವರಿಗೆ ಆ ಭಾಗ್ಯ ಇಲ್ಲ.

ರಾತ್ರಿ ಕೇಳುವವರು, ಜೋರಾಗಿ ಕೇಳುವವರು

ಪಿಂಕ್ ಫ್ಲಾಯ್ಡ್‌ಗೆ 15 ಆಲ್ಬಂ, 13 ಗಂಟೆ. ಇವರನ್ನು ಆರಿಸಿದರೆ ಚಂದಾ ಕಟ್ಟಲೇಬೇಕು. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಲ್ಲಿ ಒಂದು ಹಾಡು ಇನ್ನೊಂದಕ್ಕೆ ಹರಿದುಹೋಗುತ್ತದೆ. ನಡುವೆ ಸಾಲದ ಆ್ಯಪ್ ಜಾಹೀರಾತು ಬಂದರೆ ಮುಗೀತು. ಇಯರ್‌ಫೋನ್ ಎರಡೂ ಕಿವಿಗೆ ಬೇಕು, ಸದ್ದು ಆ ಕಡೆಯಿಂದ ಈ ಕಡೆಗೆ ಓಡಾಡುತ್ತದೆ. ಮಾತು ಕಡಿಮೆ, ಇಂಗ್ಲಿಷ್ ಬರದವರಿಗೂ ಸರಿ. ಆದರೆ ಹೆಸರುವಾಸಿ ಆಲ್ಬಂಗಳ ಮೊದಲು ಆರೇಳು ಆಲ್ಬಂ ದಾಟಬೇಕು. ಅದರಲ್ಲಿ ಎರಡು ಸಿನಿಮಾಕ್ಕೆ ಮಾಡಿದ್ದು. 1969ರ 'ಉಮ್ಮಗುಮ್ಮ'ದ ಅರ್ಧ ಭಾಗದಲ್ಲಿ ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ಪ್ರಯೋಗ ಮಾಡಿದ್ದಾರೆ. ಅಲ್ಲಿ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇವರಿಗೆ ಮಾತ್ರ ನಾನು ಕ್ರಮ ಮುರಿಯಲು ಹೇಳುತ್ತೇನೆ. 1971ರ 'ಮೆಡಲ್'ನಿಂದ ಶುರು ಮಾಡಿ 1983ರ 'ದ ಫೈನಲ್ ಕಟ್' ತನಕ ಹೋಗಿ. ಮನಸ್ಸು ಹತ್ತಿದರೆ ಹಿಂದಕ್ಕೆ ಬನ್ನಿ. ಆಗ ಉಮ್ಮಗುಮ್ಮ ಕೂಡ ಇವರು ಏನು ಹುಡುಕುತ್ತಿದ್ದರು ಅಂತ ಹೇಳುತ್ತದೆ.

ಮೆಟಾಲಿಕಾ ಬೇಕು ಅನ್ನುವವರು ಹೆಚ್ಚಾಗಿ ಇಂಜಿನಿಯರಿಂಗ್ ಹಾಸ್ಟೆಲ್‌ನವರು. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ಹಾಡಿದ ಮೇಲೆ ಈ ಕಡೆಯೂ ಕೇಳುವವರು ಹೆಚ್ಚಾದರು ಅಂತ ನನ್ನ ಅಂದಾಜು. ಮೊದಲ ನಾಲ್ಕು ಆಲ್ಬಂ, 1983ರಿಂದ 1988, ಉಸಿರು ಬಿಡಲು ಕೊಡುವುದಿಲ್ಲ. 2003ರ 'ಸೇಂಟ್ ಆ್ಯಂಗರ್' ದೊಡ್ಡ ಗುಡ್ಡ. ಗಿಟಾರ್ ಸೋಲೋ ಒಂದೂ ಇಲ್ಲ, ಸ್ನೇರ್ ಡ್ರಮ್ಮು ತಗಡಿನ ಡಬ್ಬಿ ಬಡಿದ ಹಾಗೆ ಕೇಳಿಸುತ್ತದೆ, 75 ನಿಮಿಷ. ಇದನ್ನು ಬ್ಯಾಂಡಿನೊಳಗಿನ ಜಗಳದ ದಾಖಲೆ ಅಂತ ಕೇಳಿದರೆ ಒಂದು ಅರ್ಥವಿದೆ, ಹಾಡು ಅಂತ ಕೇಳಿದರೆ ತಲೆನೋವು.

ರೋಲಿಂಗ್ ಸ್ಟೋನ್ಸ್

ಇವರ ಪಟ್ಟಿ ಹಿಡಿಯುವುದೇ ಒಂದು ಕೆಲಸ. ಅರವತ್ತರ ದಶಕದಲ್ಲಿ ಬ್ರಿಟನ್ನಿನಲ್ಲಿ ಒಂದು ಆಲ್ಬಂ, ಅಮೆರಿಕದಲ್ಲಿ ಅದೇ ಹಾಡುಗಳನ್ನು ಕಲಸಿ ಇನ್ನೊಂದು ಆಲ್ಬಂ ಬರುತ್ತಿತ್ತು. ಅದಕ್ಕೇ 2023ರ 'ಹ್ಯಾಕ್ನಿ ಡೈಮಂಡ್ಸ್' ಬ್ರಿಟಿಷ್ ಲೆಕ್ಕದಲ್ಲಿ 24ನೆಯದು, ಅಮೆರಿಕದ ಲೆಕ್ಕದಲ್ಲಿ 26ನೆಯದು. ನೀವು ಬ್ರಿಟಿಷ್ ಪಟ್ಟಿ ಹಿಡಿಯಿರಿ. ಎರಡೂ ಕೇಳಿದರೆ ಒಂದೇ ಹಾಡು ಎರಡೆರಡು ಸಲ ಬರುತ್ತದೆ.

1968ರಿಂದ 1972ರ ಒಳಗೆ ಬಂದ ನಾಲ್ಕು ಆಲ್ಬಂ, 'ಬೆಗರ್ಸ್ ಬ್ಯಾಂಕ್ವೆಟ್', 'ಲೆಟ್ ಇಟ್ ಬ್ಲೀಡ್', 'ಸ್ಟಿಕಿ ಫಿಂಗರ್ಸ್', 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್', ಅಷ್ಟು ಮಸ್ತ್ ಇವೆ ಅಂದರೆ ಆಮೇಲಿನ ಐವತ್ತು ವರ್ಷ ಅವರು ಅದರ ಜೊತೆಗೇ ಹೋರಾಡಿದ ಹಾಗಿದೆ. ಇಲ್ಲಿ ತೊಂದರೆ ಏನೆಂದರೆ, ಇವರ ಕೆಟ್ಟ ಆಲ್ಬಂ ತೀರಾ ಕೆಟ್ಟದ್ದೂ ಅಲ್ಲ. ಸುಮ್ನೆ ಸಾಧಾರಣ. 1986ರ 'ಡರ್ಟಿ ವರ್ಕ್' ಕೇಳಿದರೆ ಸಿಟ್ಟೂ ಬರುವುದಿಲ್ಲ, ನಗುವೂ ಬರುವುದಿಲ್ಲ. ಪೂರ್ತಿ ಕೇಳುವವರಿಗೆ ಸಾಧಾರಣ ಅನ್ನುವುದು ಕೆಟ್ಟದ್ದಕ್ಕಿಂತ ಕಷ್ಟ. ಇವರನ್ನು ಕೆಲಸ ಮಾಡುತ್ತಾ ಕೇಳಬಹುದು. ಅಂಗಡಿಯಲ್ಲಿ ಕೂತವರಿಗೆ, ಕಾರು ಓಡಿಸುವವರಿಗೆ ಹೇಳಿ ಮಾಡಿಸಿದ್ದು. ಕಣ್ಣುಮುಚ್ಚಿ ಕೂತು ಕೇಳುವವರಿಗೆ 24 ಆಲ್ಬಂ ಜಾಸ್ತಿಯಾಯಿತು. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬಂದಾಗ ನೋಡಿದವರು ಒಪ್ಪುವುದಿಲ್ಲ, ಅವರ ಮಾತೇ ಬೇರೆ.

ಡಿಲನ್, ಇಲ್ಲವೇ ನೀಲ್ ಯಂಗ್

ನಿಜವಾದ ಇಕ್ಕಟ್ಟು ಇಲ್ಲಿದೆ. ಇಬ್ಬರಿಗೂ 40 ಅಥವಾ ಅದಕ್ಕೂ ಹೆಚ್ಚು ಆಲ್ಬಂ, ಇಬ್ಬರದ್ದೂ 30 ಗಂಟೆಯ ಮೇಲೆ. ಎರಡೆರಡು ಸಲ ಕೇಳಿದರೆ ಮಳೆಗಾಲ ಪೂರ್ತಿ ಬೇಕು. ಇಬ್ಬರೂ ಅರವತ್ತರ ದಶಕದಲ್ಲಿ ಶುರು ಮಾಡಿದವರು. ಇಬ್ಬರಿಗೂ ಅಭಿಮಾನಿಗಳ ಮಾತು ಕೇಳುವ ಅಭ್ಯಾಸವಿಲ್ಲ.

ಡಿಲನ್ ಹತ್ತಿರ ಹೋಗುವ ಮೊದಲು ನಿಮ್ಮ ಇಂಗ್ಲಿಷ್ ಬಗ್ಗೆ ಪ್ರಾಮಾಣಿಕವಾಗಿರಿ. ರಾಗ ಸರಳ, ದನಿ ಒರಟು, ತೂಕವೆಲ್ಲ ಪದದ ಮೇಲೆ. 2016ರಲ್ಲಿ ನೊಬೆಲ್ ಕೊಟ್ಟದ್ದು ಸಾಹಿತ್ಯಕ್ಕೆ. ಪದ ಹಿಡಿಯದೆ ಕೇಳಿದರೆ 30 ಗಂಟೆ ಮೌತ್ ಆರ್ಗನ್ ಕೇಳಿದ ಹಾಗಾಗುತ್ತದೆ. ಆ್ಯಪ್‌ನಲ್ಲಿ ಸಾಹಿತ್ಯ ತೋರಿಸುವ ಸೌಲಭ್ಯ ಇದ್ದರೆ ಹಾಕಿಕೊಂಡು ಓದುತ್ತಾ ಕೇಳಿ. ಅಂದರೆ ಬಸ್ಸಿನಲ್ಲಿ, ಅಡುಗೆ ಮಾಡುತ್ತಾ, ಆಗದು. ಕೂತೇ ಕೇಳಬೇಕು.

ಆದರೆ ಹಾಡು ಉದ್ದ ಅಂತ ಹೆದರುವವರಿಗೆ ಒಂದು ಮಾತು. 1966ರ 'ಬ್ಲಾಂಡ್ ಆನ್ ಬ್ಲಾಂಡ್'ನ ಕೊನೆಯ ಹಾಡು 11 ನಿಮಿಷ, ಎಲ್‌ಪಿಯ ಒಂದಿಡೀ ಬದಿ. 2020ರ 'ರಫ್ ಆ್ಯಂಡ್ ರೌಡಿ ವೇಸ್'ನ ಕೊನೆಯ ಹಾಡು 17 ನಿಮಿಷದ ಹತ್ತಿರ. ನಮ್ಮ ಮೂರೂ ಜಿಲ್ಲೆಯಲ್ಲಿ ಗೀಗೀ ಪದ ಕೇಳಲು ರಾತ್ರಿಯಿಡೀ ಕೂತವರಿದ್ದಾರೆ. ಹರದೇಶಿ–ನಾಗೇಶಿ ಸವಾಲು–ಜವಾಬು ಬೆಳಗಿನ ತನಕ ನಡೆದರೂ ಏಳದವರಿಗೆ 17 ನಿಮಿಷ ಯಾವ ಲೆಕ್ಕ? ಒಂದೇ ಮಟ್ಟು, ಹತ್ತಾರು ನುಡಿ, ಪ್ರತಿ ನುಡಿಗೂ ಹೊಸ ತಿರುವು. ಶರೀಫಜ್ಜನ ತತ್ವಪದ ಕೇಳಿ ಬೆಳೆದವರಿಗೆ ಈ ಕಟ್ಟು ಪರಕೀಯ ಅನಿಸುವುದಿಲ್ಲ. ನಾಲ್ಕು ನಿಮಿಷಕ್ಕೆ ಗಿಟಾರ್ ಸೋಲೋ ಬೇಕು ಅನ್ನುವ ರಾಕ್ ಹುಡುಗರಿಗಿಂತ ಭಜನಾ ಮೇಳದ ಹಿರಿಯರು ಡಿಲನ್ನನ್ನು ಬೇಗ ಹಿಡಿಯಬಲ್ಲರು ಅಂತ ನನಗೆ ಅನಿಸುತ್ತದೆ.

ಕೆಟ್ಟ ಆಲ್ಬಂ? ಬೇಕಾದಷ್ಟಿವೆ. 1979ರಿಂದ 1981ರ ತನಕ ಮೂರು ಆಲ್ಬಂ ಕ್ರೈಸ್ತ ಭಕ್ತಿಗೆ ಮೀಸಲು. ಆಗ ಅರ್ಧ ಅಭಿಮಾನಿಗಳು ಓಡಿದರು. ಅದರಲ್ಲಿ ಮೊದಲನೆಯದು, 'ಸ್ಲೋ ಟ್ರೇನ್ ಕಮಿಂಗ್', ಸಂಗೀತದ ಮಟ್ಟಿಗೆ ಬಹಳ ಚಲೋ ಇದೆ. 1988ರ 'ಡೌನ್ ಇನ್ ದ ಗ್ರೂವ್' ಮಾತ್ರ ಯಾರನ್ನೂ ಉಳಿಸುವುದಿಲ್ಲ. 2015ರಿಂದ ಮೂರು ಬಿಡುಗಡೆ ಹಳೆಯ ಅಮೆರಿಕನ್ ಸಿನಿಮಾ–ನಾಟಕದ ಕಾಲದ ಹಾಡುಗಳು, ಅದರಲ್ಲಿ ಒಂದು ಮೂರು ಡಿಸ್ಕಿನದು. ಆದರೆ ಎಂಬತ್ತರ ದಶಕದ ಹಳ್ಳ ದಾಟಿ ಬಂದವರಿಗೆ 1997ರ 'ಟೈಮ್ ಔಟ್ ಆಫ್ ಮೈಂಡ್' ಸಿಗುತ್ತದೆ. 56ರ ಮನುಷ್ಯ, ಮುರಿದ ದನಿ, ಯಾವ ಅವಸರವೂ ಇಲ್ಲ. ಅದನ್ನು ನೇರವಾಗಿ ಕೇಳಿದರೂ ಚಂದವೇ. ಎಂಬತ್ತರ ದಶಕ ಅನುಭವಿಸಿ ಕೇಳಿದರೆ ಅದರ ಬೆಲೆ ತಿಳಿಯುತ್ತದೆ.

ನೀಲ್ ಯಂಗ್‌ಗೆ ಇಂಗ್ಲಿಷ್ ಅಷ್ಟು ಬೇಡ. ಮಾತು ಸರಳ, ದನಿ ತೆಳ್ಳಗೆ, ಎತ್ತರ. ಗಿಟಾರು ಎರಡು ಥರ: ಒಂದು ಆಲ್ಬಂನಲ್ಲಿ ಮೆಲ್ಲಗೆ ಮೀಟುತ್ತಾರೆ, ಇನ್ನೊಂದರಲ್ಲಿ ಕ್ರೇಜಿ ಹಾರ್ಸ್ ಬ್ಯಾಂಡ್ ಜೊತೆ ಮನೆ ನಡುಗಿಸುತ್ತಾರೆ. ಹಾಗಾಗಿ ಬೇಸರವಾಗುವುದು ಕಡಿಮೆ. 1972ರ 'ಹಾರ್ವೆಸ್ಟ್' ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಯಿತು. ಬೇರೆಯವರಾಗಿದ್ದರೆ ಅಂಥದ್ದೇ ಇನ್ನೊಂದು ಮಾಡುತ್ತಿದ್ದರು. ಇವರ ಜೊತೆಗಾರ ಗಿಟಾರ್ ವಾದಕ ಡ್ಯಾನಿ ವಿಟನ್ ಅದೇ ವರ್ಷ ಮದ್ಯ ಮತ್ತು ಮಾತ್ರೆಯ ಅತಿಸೇವನೆಯಿಂದ ಸತ್ತರು. ಮುಂದೆ ಇವರು ಮಾಡಿದ್ದು ಮೂರು ಕತ್ತಲೆಯ ಆಲ್ಬಂ. ಅದರಲ್ಲಿ 'ಟುನೈಟ್ಸ್ ದ ನೈಟ್' 1973ರಲ್ಲಿ ಮುದ್ರಣವಾಗಿ 1975ರಲ್ಲಿ ಹೊರಬಂತು. ದನಿ ಒಡೆಯುತ್ತದೆ, ಶ್ರುತಿ ತಪ್ಪುತ್ತದೆ, ಅದನ್ನು ಹಾಗೇ ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಹಾರ್ವೆಸ್ಟ್‌ಗಿಂತ ಇದೇ ದೊಡ್ಡದು.

ಇನ್ನು ಎಂಬತ್ತರ ದಶಕ. 1982ರ 'ಟ್ರಾನ್ಸ್'ನಲ್ಲಿ ಇದ್ದಕ್ಕಿದ್ದಂತೆ ಯಂತ್ರದ ದನಿಯಲ್ಲಿ ಹಾಡುತ್ತಾರೆ. ಕೇಳಿದವರು ಇದು ಅದೇ ಮನುಷ್ಯನಾ ಅಂತ ದಂಗಾದರು. ಮಾತು ಬಾರದ ಮಗನ ಜೊತೆ ಮಾತಾಡುವ ಪ್ರಯತ್ನ ಅದರಲ್ಲಿತ್ತು ಅಂತ ಆಮೇಲೆ ಹೇಳಿದರು. ಅದು ಗೊತ್ತಾದ ಮೇಲೆ ಇನ್ನೊಮ್ಮೆ ಕೇಳಿ. ಮರುವರ್ಷ ಐವತ್ತರ ದಶಕದ ಥರದ ರಾಕ್ ಅಂಡ್ ರೋಲ್ ಮಾಡಿದರು. ಇದು ನೀಲ್ ಯಂಗ್ ಥರ ಇಲ್ಲ ಅಂತ ಅವರ ಕಂಪನಿಯೇ ಅವರ ಮೇಲೆ ಕೇಸು ಹಾಕಿತು! ತನ್ನ ಥರ ಹಾಡುತ್ತಿಲ್ಲ ಅಂತ ಕೋರ್ಟಿಗೆ ಹೋಗಬೇಕಾದ ಹಾಡುಗಾರ ಬೇರೆ ಯಾರಿದ್ದಾರೆ? ನಾನು ಮೊದಲು ಹೇಳಿದ ಕುತೂಹಲದ ಕೆಟ್ಟ ಆಲ್ಬಂ ಅಂದರೆ ಇವೇ. ಕೆಟ್ಟವೇ ಇರಬಹುದು, ಆದರೆ ಸಾಧಾರಣ ಅಲ್ಲ.

ನೀಲ್ ಯಂಗ್‌ನಲ್ಲಿ ತೊಡಕು ಬೇರೆ. ಒಂದು, ಪಟ್ಟಿ ಮುಗಿಯುವುದೇ ಇಲ್ಲ. ಎಪ್ಪತ್ತರ ದಶಕದಲ್ಲಿ ಮಾಡಿ ಮುಚ್ಚಿಟ್ಟ ಆಲ್ಬಂಗಳನ್ನು ಈಗ ಹೊರತರುತ್ತಿದ್ದಾರೆ. 'ಹೋಮ್‌ಗ್ರೋನ್' 2020ರಲ್ಲಿ ಬಂತು, ಹಾಡಿದ್ದು 1974–75ರಲ್ಲಿ. ಬಿಡುಗಡೆಯ ಕ್ರಮವೋ, ಹಾಡಿದ ಕ್ರಮವೋ? ಮೊದಲ ಸಲ ಕೇಳುವವರು ಬಿಡುಗಡೆಯ ಕ್ರಮದಲ್ಲೇ ಹೋಗಿ. ಅಂದಿನ ಕೇಳುಗರು ಬೆರಗಾದ ಕಡೆ ನೀವೂ ಬೆರಗಾಗುತ್ತೀರಿ. ಇನ್ನೊಂದು, ಆ್ಯಪ್ ನಂಬಿ ಕೂರುವ ಹಾಗಿಲ್ಲ. 2022ರ ಜನವರಿಯಲ್ಲಿ ಇವರು ತಮ್ಮ ಹಾಡುಗಳನ್ನು ಸ್ಪಾಟಿಫೈನಿಂದ ತೆಗೆಸಿದರು, ವಾಪಸ್ ಬಂದದ್ದು 2024ರ ಮಾರ್ಚ್‌ನಲ್ಲಿ. ಅರ್ಧದಲ್ಲಿದ್ದವರ ಗತಿ ಏನಾಗಿರಬೇಕು! ಚಂದಾ ಕಟ್ಟಿ ಕೇಳುವುದು ಬಾಡಿಗೆ ಮನೆಯೇ. ಬಹಳ ಇಷ್ಟವಾದ ಎರಡು–ಮೂರು ಆಲ್ಬಂಗಳ ಸಿಡಿಯನ್ನಾದರೂ ಕೊಂಡಿಡಿ.

ಇಬ್ಬರಲ್ಲಿ ಒಬ್ಬರು ಅಂದರೆ ನಾನು ನೀಲ್ ಯಂಗ್ ಹಿಡಿಯಿರಿ ಅನ್ನುತ್ತೇನೆ. ಇಂಗ್ಲಿಷ್ ಕಾವ್ಯ ಓದುವ ಅಭ್ಯಾಸ ಇದ್ದವರು, ಪದ ಬಿಡಿಸಿ ಚರ್ಚೆ ಮಾಡಲು ಒಬ್ಬ ಗೆಳೆಯ ಇದ್ದವರು ಮಾತ್ರ ಡಿಲನ್ ಕಡೆ ಹೋಗಿ. ಅಂಥವರಿಗೆ ಬೇರೆ ಯಾರೂ ಸಾಲುವುದಿಲ್ಲ. ಒಂದೇ ತಿಂಗಳ ಚಂದಾ, ದಿನಕ್ಕೆ ಒಂದು ಗಂಟೆ ಬಿಡುವು ಇರುವವರು ಬೀಟಲ್ಸ್ ಎರಡು ಸಲ ಮುಗಿಸಿ, 'ಪಾಸ್ಟ್ ಮಾಸ್ಟರ್ಸ್' ಕೂಡ ಕೇಳಿ, ಲೆಡ್ ಜೆಪ್ಪೆಲಿನ್‌ಗೂ ಜಾಗ ಮಾಡಬಹುದು. ದುಡ್ಡೇ ಖರ್ಚು ಮಾಡುವುದಿಲ್ಲ ಅನ್ನುವವರಿಗೆ ಕ್ವೀನ್.

ಆರಿಸಿದ ಮೇಲೆ ಒಂದು ಕೆಲಸ ಮಾಡಿ. ಆ್ಯಪ್ ತೋರಿಸುವ ಪಟ್ಟಿ ನಂಬಬೇಡಿ. ಅಲ್ಲಿ ಹಿಟ್ ಸಂಗ್ರಹ, ಲೈವ್, ಡಿಲಕ್ಸ್, 50ನೇ ವರ್ಷದ ಆವೃತ್ತಿ ಎಲ್ಲ ಕಲಸಿಕೊಂಡಿರುತ್ತದೆ. ಸ್ಟುಡಿಯೋ ಆಲ್ಬಂಗಳ ಹೆಸರು, ವರ್ಷ, ಮೂಲದಲ್ಲಿ ಎಷ್ಟು ಹಾಡಿದ್ದವು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಡಿಲಕ್ಸ್ ಆವೃತ್ತಿ ಮಾತ್ರ ಸಿಕ್ಕರೆ ಮೂಲದ ಕೊನೆಯ ಹಾಡು ಮುಗಿದ ಕೂಡಲೇ ನಿಲ್ಲಿಸಿ. 'ಆ್ಯಬಿ ರೋಡ್' ಮುಗಿಯುವ ಜಾಗದಲ್ಲೇ ಮುಗಿಯಬೇಕು, ಅದರ ಬಾಲಕ್ಕೆ ಪ್ರಾಕ್ಟೀಸ್ ಟೇಪು ಅಂಟಬಾರದು. ಲೈವ್ ಬಿಡಬೇಕು ಅನ್ನುವ ನಿಯಮಕ್ಕೆ ನೀಲ್ ಯಂಗ್ ಅಪವಾದ. 1973ರ 'ಟೈಮ್ ಫೇಡ್ಸ್ ಅವೇ' ವೇದಿಕೆಯ ಮೇಲೆ ಹಾಡಿದ್ದು, 1979ರ 'ರಸ್ಟ್ ನೆವರ್ ಸ್ಲೀಪ್ಸ್' ಕೂಡ ಬಹುಪಾಲು ಹಾಗೇ. ಎರಡರಲ್ಲೂ ಇರುವುದು ಆಗಿನ ಹೊಸ ಹಾಡುಗಳು, ಅವನ್ನು ಪಟ್ಟಿಯಲ್ಲಿ ಸೇರಿಸಿ. ರೈಲಿನಲ್ಲಿ ಕೇಳುವವರು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಖಾನಾಪುರ ದಾಟಿದ ಮೇಲೆ ಲೋಂಡಾ ಕಾಡಿನಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ.